ನೆಲ ಡೊಂಕಲ್ಲ ಸ್ವಾಮಿ

ಸ್ಕ್ರ್ಯಾಬಲ್‌ನಲ್ಲಿ ಸೋತವರನ್ನು ಮಾತಾಡಿಸಿ ನೋಡಿ. ಒಂದೇ ಉತ್ತರ: 'ಒಳ್ಳೆ ಟೈಲ್ಸೇ ಬರ್ಲಿಲ್ಲ ಗುರು.' ಹೆಬ್ಬಾಳ ಫ್ಲೈಓವರ್ ದಿನಾ ಜಾಮ್ ಅಂತ ಗೊತ್ತಿದ್ದೂ ಯಲಹಂಕದಿಂದ ತಡವಾಗಿ ಹೊರಟು ಟ್ರಾಫಿಕ್ಕನ್ನು ಬೈದಂಗಾಯ್ತು ಇದು.

ಅದೃಷ್ಟ ಇಲ್ಲವೇ ಇಲ್ಲ ಅಂತಲ್ಲ. ಇಂಗ್ಲಿಷ್ ಆಟದ ಚೀಲದಲ್ಲಿ 100 ಟೈಲ್. ಖಾಲಿಯವು ಎರಡೇ, ಎಸ್ ನಾಲ್ಕೇ. ಅಷ್ಟೂ ಎದುರಾಳಿಗೇ ಹೋಗಬಹುದು. ಆದರೆ ಚೀಲ ಬರಿದಾದ ಮೇಲೆ? ಇಬ್ಬರ ಆಟದಲ್ಲಿ ಹಲಗೆ ಮೇಲಿನದನ್ನೂ ನಿಮ್ಮ ಕೈಲಿರೋದನ್ನೂ ಕಳೆದರೆ ಅವನ ಅಕ್ಷರಗಳೆಲ್ಲ ಗೊತ್ತಾಗುತ್ತವೆ. ಅಲ್ಲಿಂದಾಚೆ ಬರೀ ಲೆಕ್ಕ. ತಪ್ಪು ಹುಡುಕೋದು ಅಲ್ಲಿಂದಲೇ ಶುರುವಾಗಲಿ.

ಕ್ವ್ಯಾಕಲ್ ಅನ್ನೋ ತಂತ್ರಾಂಶ ಪುಕ್ಕಟೆ ಸಿಗುತ್ತೆ. 2006ರಲ್ಲಿ ಮಾಜಿ ವಿಶ್ವ ಚಾಂಪಿಯನ್ ಡೇವಿಡ್ ಬಾಯ್ಸ್ ಅವರನ್ನೇ ಮಣಿಸಿದ್ದು. ಆಟ ಬರೆದಿಟ್ಟು ಅದಕ್ಕೆ ಹಾಕಿದರೆ ಯಾವ ನಡೆಯಲ್ಲಿ ಎಷ್ಟು ಕಳೆದಿರಿ ಅಂತ ತೋರಿಸುತ್ತೆ. ನಮ್ಮವರು ಸೋತ ಆಟ ಮಾತ್ರ ಹಾಕ್ತಾರೆ, ಅದೂ ದುರದೃಷ್ಟಕ್ಕೆ ಸರ್ಟಿಫಿಕೇಟ್ ಹುಡುಕೋಕೆ. ಗೆದ್ದದ್ದನ್ನೂ ಹಾಕಿ! ಒಳ್ಳೆ ಟೈಲ್ ಮುಚ್ಚಿಹಾಕಿದ ತಪ್ಪುಗಳು ಅಲ್ಲೇ ಇರ್ತವೆ. ನಾನು ಕೋಡ್ ಬರೆದು ಬದುಕೋನು. ಸರ್ವರ್ ಬಿದ್ದಾಗ ಮಾತ್ರ ಲಾಗ್ ನೋಡೋ ಎಂಜಿನಿಯರನ್ನು ಯಾರೂ ಹೊಗಳಲ್ಲ.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಚೀಲದಿಂದ ಬಂದದ್ದಕ್ಕೆ ನೀವು ಹೊಣೆಯಲ್ಲ, ಸರಿ. ಹಲಗೆ ಮೇಲೆ ಇಟ್ಟದ್ದಕ್ಕೆ?