ಚಂದ್ರನ ಇರುಳೂ ಬ್ಯಾಟರಿಯೂ

೨೦೨೩ರ ಆಗಸ್ಟ್ ೨೩ರಂದು ಚಂದ್ರನ ಮೇಲಿಳಿದ ನಮ್ಮ ವಿಕ್ರಮ್ ನೌಕೆಯನ್ನೂ ಪ್ರಜ್ಞಾನ್ ಬಂಡಿಯನ್ನೂ, ಅಲ್ಲಿಯ ಹಗಲು ಮುಗಿಯುತ್ತ ಬಂದಾಗ ಮಲಗಿಸಲಾಯಿತು. ಸೆಪ್ಟೆಂಬರ್ ೨೨ರಂದು ಕರೆದಾಗ ಅವು ಓಗೊಡಲಿಲ್ಲ. ಇದನ್ನು ಸೋಲೆನ್ನುವವರ ಮಾತನ್ನು ನಾವು ಒಪ್ಪಲಾರೆವು. ನಮ್ಮ ಸುಮಾರು ೧೪ ದಿನಗಳಿಗೆ ಸಮನಾದ ಆ ಒಂದು ಹಗಲಿಗಾಗಿಯೇ ಅವುಗಳನ್ನು ನಿರ್ಮಿಸಿದ್ದರು. ಆದರೂ ಇಲ್ಲಿ ಕಲಿಯತಕ್ಕ ಪಾಠವೊಂದುಂಟು.

ಮಲಗುವಾಗ ಪ್ರಜ್ಞಾನಿನ ಬ್ಯಾಟರಿ ತುಂಬಿದ್ದಿತು. ಆದರೆ ತುಂಬಿದ ಬ್ಯಾಟರಿಯೂ ಕಡುಚಳಿಯಲ್ಲಿ ನಿಷ್ಪ್ರಯೋಜಕವಾಗಬಲ್ಲುದು. ಲಿಥಿಯಂ ಬ್ಯಾಟರಿಯು ವಿದ್ಯುತ್ತನ್ನೀಯಬೇಕಾದರೆ ಅದರೊಳಗಿನ ದ್ರವದಲ್ಲಿ ಲಿಥಿಯಂ ಅಯಾನುಗಳು ಸಂಚರಿಸಬೇಕು. ಚಳಿ ಹೆಚ್ಚಿದಂತೆ ದ್ರವವು ಮಂದವಾಗಿ ಅವುಗಳ ನಡೆ ನಿಧಾನವಾಗುತ್ತದೆ. ಚಂದ್ರನ ಇರುಳಿನಲ್ಲಿ ಉಷ್ಣತೆಯು ಸೊನ್ನೆಗಿಂತ ೧೦೦ ಡಿಗ್ರಿ ಸೆಂಟಿಗ್ರೇಡಿಗೂ ಕೆಳಗಿಳಿದಾಗ ದ್ರವವೇ ಹೆಪ್ಪುಗಟ್ಟುತ್ತದೆ. ಹಾಗಾದರೆ ಸೂರ್ಯೋದಯವಾದೊಡನೆ ವಿದ್ಯುತ್ತನ್ನು ತುಂಬಿದರಾಯಿತೇ? ಬೆಚ್ಚಗಾಗುವ ಮೊದಲೇ ತುಂಬಿದರೆ ಲಿಥಿಯಂ ಋಣಧ್ರುವದ ಮೇಲೆ ಲೋಹವಾಗಿ ಲೇಪಗೊಂಡು ಶಾಶ್ವತ ಹಾನಿಯುಂಟಾಗುತ್ತದೆ.

೧೯೭೦ರಲ್ಲಿ ಚಂದ್ರನನ್ನು ಸೇರಿದ ಸೋವಿಯತ್ ದೇಶದ ಲುನೊಖೋದ್ ಬಂಡಿಯು ಪೊಲೋನಿಯಂ ಧಾತುವಿನ ಶಾಖದಿಂದ ಇಂತಹ ಹಲವು ಇರುಳುಗಳನ್ನು ಕಳೆಯಿತು. ಆದ್ದರಿಂದ ನಮ್ಮ ತರುಣರು ರಾಕೆಟ್ಟಿನ ಗರ್ಜನೆಗೆ ಮಾತ್ರ ಮನಸೋಲದಿರಲಿ. ಬ್ಯಾಟರಿಯನ್ನು ಬೆಚ್ಚಗಿಡುವ, ಚಳಿಗೆ ಹೆಪ್ಪುಗಟ್ಟದ ದ್ರವವನ್ನು ಅರಸುವ ಸದ್ದಿಲ್ಲದ ಕಾರ್ಯವೂ ಅವರನ್ನು ಕಾದಿದೆ. ಮುಂದಿನ ನೌಕೆಯು ಚಂದ್ರನಲ್ಲಿ ಎರಡನೆಯ ಬೆಳಗನ್ನು ಕಾಣುವುದು ಅದರಿಂದಲೇ.