ಟಿಡಿಎಸ್ ಸಾಕು, ಫ್ಲೋರೈಡ್ ಎಷ್ಟು ಅಂತ ಹೇಳಿ

ನಾಲ್ಕನೇ ಸೆಮ್‌ನ ‘ಬಯಾಲಜಿ ಫಾರ್ ಎಂಜಿನಿಯರ್ಸ್’ ಅಂದ್ರೆ ನಮ್ಮ ಕ್ಲಾಸಲ್ಲಿ ಅರ್ಧ ಜನಕ್ಕೆ ನಿದ್ದೆ ಪೀರಿಯಡ್. ನನಗೂ ಹಾಗೇ ಇತ್ತು. ಆದರೆ ಜೀವಕೋಶದ ಪೊರೆ ದಾಟಿ ಯಾವುದು ಒಳಗೆ ಹೋಗುತ್ತೆ, ಯಾವುದು ಹೋಗಲ್ಲ ಅಂತ ಓದುವಾಗ ಆಂಡರ್ಸನ್‌ಪೇಟೆಯ ನಮ್ಮ ಮನೆ ನೀರಿನ ಕ್ಯಾನ್ ನೆನಪಾಯ್ತು.

ಊರು ಕೆಜಿಎಫ್ ಅಂದ ತಕ್ಷಣ ಎಲ್ಲರೂ ಕೇಳೋದು ಸಿನಿಮಾ, ಇಲ್ಲಾಂದ್ರೆ ಸೈನೈಡ್ ದಿಬ್ಬ. ನೀರಿನ ಬಗ್ಗೆ ಯಾರೂ ಕೇಳಲ್ಲ. ಕೋಲಾರ ಜಿಲ್ಲೆಯಲ್ಲಿ ವರ್ಷಪೂರ್ತಿ ಹರಿಯೋ ನದಿ ಇಲ್ಲ, ಬೋರ್‌ವೆಲ್ಲೇ ಗತಿ. ಕೆಳಗಿನ ಕಲ್ಲಿಂದ ಫ್ಲೋರೈಡ್ ನೀರಿಗೆ ಕರಗಿ ಬರುತ್ತೆ. ಹಲ್ಲಿನ ಮೇಲೆ ಕಂದು ಕಲೆ ಇರೋರನ್ನ ನಮ್ಮ ಕಡೆ ನೋಡಿದೋರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. ಕುದಿಸಿದ್ರೂ ಹೋಗಲ್ಲ; ನೀರು ಆವಿಯಾದಷ್ಟೂ ಉಳಿದ ನೀರಲ್ಲಿ ಅದು ಗಟ್ಟಿಯಾಗುತ್ತೆ ಅಷ್ಟೆ. ಅದಕ್ಕೇ ಆರ್‌ಓ ಘಟಕ, ಕಾಯಿನ್, ಇಪ್ಪತ್ತು ಲೀಟರ್ ಕ್ಯಾನ್.

ಹೋದ ರಜೆಯಲ್ಲಿ ಅಮ್ಮ ಘಟಕದ ಹುಡುಗನನ್ನ ಕೇಳಿದ್ರು, ‘ನೀರು ಚೆನ್ನಾಗಿದೆಯಾ ತಮ್ಮಾ?’ ಅವನು ಪೆನ್ ಥರದ ಮೀಟರ್ ಅದ್ದಿ, ‘210 ಅಕ್ಕಾ, ಸೂಪರ್’ ಅಂದ. ಅಮ್ಮನಿಗೆ ಸಮಾಧಾನ. ಎಂಜಿನಿಯರಿಂಗ್ ಓದ್ತಿರೋ ನಾನೂ ತಲೆ ಆಡಿಸಿದೆ.

ಈಗ ಪಾಠಕ್ಕೆ ಬರೋಣ. ಕೋಶದ ಪೊರೆ ಎರಡು ಪದರದ ಕೊಬ್ಬು. ಚಾರ್ಜ್ ಇರೋ ಅಯಾನ್‌ಗಳಿಗೆ ಅಲ್ಲಿ ಸುಲಭವಾಗಿ ದಾರಿ ಇಲ್ಲ. ಚಾನೆಲ್ ಬೇಕು, ಇಲ್ಲಾ ಪಂಪ್ ಬೇಕು. ನೀರಿಗೂ ಬೇರೆ ಬಾಗಿಲೇ ಇದೆ, ಅಕ್ವಾಪೋರಿನ್ ಅಂತ. ಅದನ್ನ ಕಂಡುಹಿಡಿದ ಪೀಟರ್ ಆಗ್ರೆಗೆ 2003ರಲ್ಲಿ ನೊಬೆಲ್ ಬಂತು. ಒಂದೊಂದು ಬಾಗಿಲಲ್ಲಿ ಸೆಕೆಂಡಿಗೆ ಸುಮಾರು 300 ಕೋಟಿ ನೀರಿನ ಅಣು ದಾಟುತ್ತವಂತೆ, ಆದರೂ ಒಂದು ಪ್ರೋಟಾನ್‌ನ ಒಳಗೆ ಬಿಡಲ್ಲ. ಇಷ್ಟು ಸ್ಟ್ರಿಕ್ಟ್ ಸೆಕ್ಯುರಿಟಿ!

ಫ್ಲೋರೈಡೂ ಚಾರ್ಜ್ ಇರೋ ಅಯಾನೇ, ಹೊರಗೇ ನಿಲ್ಲಬೇಕಿತ್ತು. ಆದರೆ ಹೊಟ್ಟೆಯ ಆಸಿಡ್‌ನಲ್ಲಿ ಅದಕ್ಕೊಂದು ಹೈಡ್ರೋಜನ್ ಸಿಗುತ್ತೆ, ಹೈಡ್ರೋಜನ್ ಫ್ಲೋರೈಡ್ ಆಗುತ್ತೆ. ಚಾರ್ಜ್ ಇಲ್ಲ, ಸೈಜೂ ಚಿಕ್ಕದು. ಪಂಪ್ ಬೇಡ, ಬಾಗಿಲು ಬೇಡ, ಸೀದಾ ಕೊಬ್ಬಿನ ಪದರ ದಾಟಿ ಹೋಗುತ್ತೆ. ಒಳಗೆ ಆಸಿಡ್ ಕಮ್ಮಿ ಇರೋದ್ರಿಂದ ಮತ್ತೆ ಅಯಾನ್ ಆಗಿ, ರಕ್ತಕ್ಕೆ ಸೇರಿ, ಮೂಳೆ ಮತ್ತು ಬೆಳೆಯೋ ಮಕ್ಕಳ ಹಲ್ಲಲ್ಲಿ ಕೂತ್ಕೊಳ್ಳುತ್ತೆ. ಅಂದ್ರೆ ನಮ್ಮ ದೇಹದ ಪೊರೆಗೆ ಇದನ್ನ ತಡೆಯೋಕೆ ಆಗಲ್ಲ. ತಡೆಯೋದಾದ್ರೆ ಹೊಟ್ಟೆಗೆ ಹೋಗೋ ಮುಂಚೆ, ಆ ಘಟಕದ ಪ್ಲಾಸ್ಟಿಕ್ ಪೊರೆಯೇ ತಡೀಬೇಕು. ಅಲ್ಲಿ ಫ್ಲೋರೈಡ್ ಇನ್ನೂ ಚಾರ್ಜ್ ಇರೋ ಅಯಾನ್ ಆಗೇ ಇರೋದ್ರಿಂದ ಅದನ್ನ ಹಿಡಿಯೋದೂ ಸುಲಭ.

ಹಿಡೀತಾ ಇದೆಯಾ ಅಂತ ಗೊತ್ತಾಗೋದು ಹೇಗೆ? ಪೆನ್ ಮೀಟರ್‌ನಿಂದಂತೂ ಅಲ್ಲ. ಅದು ನೋಡೋದು ನೀರಲ್ಲಿ ಕರೆಂಟ್ ಎಷ್ಟು ಹರಿಯುತ್ತೆ ಅಂತ ಮಾತ್ರ. ಐಎಸ್ 10500 ಪ್ರಕಾರ ಟಿಡಿಎಸ್ ಲೀಟರಿಗೆ 500 ಮಿಲಿಗ್ರಾಂವರೆಗೆ ಓಕೆ. ಫ್ಲೋರೈಡ್ 1, ಬೇರೆ ನೀರೇ ಇಲ್ಲದಿದ್ರೆ 1.5. ಅವನ 210ರಲ್ಲಿ ಫ್ಲೋರೈಡ್ ಅರ್ಧ ಮಿಲಿಗ್ರಾಂ ಇದ್ರೂ, ಎರಡು ಇದ್ರೂ ಮೀಟರ್‌ಗೆ ವ್ಯತ್ಯಾಸವೇ ತಿಳಿಯಲ್ಲ. ಮೆಂಬ್ರೇನ್ ಹಳೇದಾಗಿರಬಹುದು. ರುಚಿ ಬರಲಿ ಅಂತ ಒಂದಿಷ್ಟು ಬೋರ್ ನೀರನ್ನ ಮಿಕ್ಸ್ ಮಾಡೋದೂ ಉಂಟು, ಆಗ ಬಿಟ್ಟುಬಂದ ಫ್ಲೋರೈಡೇ ವಾಪಸ್.

ಟಿಡಿಎಸ್ ತೀರಾ ಕಮ್ಮಿ ಇದ್ರೆ ಫ್ಲೋರೈಡೂ ಕಮ್ಮಿ ಇರುತ್ತೆ ಅಂತ ಸಿವಿಲ್‌ನ ಒಬ್ಬ ಫ್ರೆಂಡ್ ವಾದ ಮಾಡ್ದ. ಸರಿ, ಒಳ್ಳೆ ಲಕ್ಷಣ ಅಂತ ಒಪ್ತೀನಿ. ಆದರೆ ಲಕ್ಷಣ ಬೇರೆ, ಟೆಸ್ಟ್ ಬೇರೆ. ಪ್ರತಿ ಘಟಕದ ಗೋಡೆ ಮೇಲೆ ಎರಡು ಸಾಲು ಬರೀಲಿ ಅಷ್ಟೆ: ಫ್ಲೋರೈಡ್ ಎಷ್ಟು, ಯಾವ ತಾರೀಖಿಗೆ ಟೆಸ್ಟ್ ಮಾಡಿದ್ದು. ಬಣ್ಣ ನೋಡಿ ಹೇಳೋ ಫೀಲ್ಡ್ ಕಿಟ್ ಇದೆ. ಜಲಜೀವನ್ ಮಿಷನ್‌ನಲ್ಲಿ ಹಳ್ಳಿ ಹೆಂಗಸರಿಗೇ ಅದರ ಟ್ರೈನಿಂಗ್ ಕೊಟ್ಟಿದ್ದಾರೆ. ಕಷ್ಟದ ಕೆಲಸ ಏನಲ್ಲ.

ಈ ಶನಿವಾರ ಊರಿಗೆ ಹೋಗ್ತಿದೀನಿ, ಸ್ಯಾಂಪಲ್ ತರ್ತೀನಿ. ಕೆಮಿಸ್ಟ್ರಿ ಲ್ಯಾಬ್‌ನಲ್ಲಿ ಪರ್ಮಿಷನ್ ಕೇಳೋಕೆ ಜೊತೆಗೆ ಯಾರಾದ್ರೂ ಬನ್ನಿ. ಕೋಲಾರ, ಮುಳಬಾಗಿಲು, ಬಂಗಾರಪೇಟೆ ಕಡೆಯೋರು ನಿಮ್ಮ ಮನೆ ಕ್ಯಾನ್‌ನಿಂದ ಒಂದು ಬಾಟಲಿ ತನ್ನಿ. ಗಾಜಿಂದು ಬೇಡ, ಫ್ಲೋರೈಡ್ ಗಾಜಿನ ಜೊತೆ ರಿಯಾಕ್ಟ್ ಆಗುತ್ತೆ. ಪ್ಲಾಸ್ಟಿಕ್ ಬಾಟಲೀನೇ ತನ್ನಿ.