ಬೆಳಗಿನ ಮೊದಲ ಹೆಜ್ಜೆಯ ನೋವನ್ನು ಮರೆಯಬೇಡಿ

ಬೆಳಗ್ಗೆ ಎದ್ದು ಕಾಲು ಕೆಳಗಿಟ್ಟ ಕೂಡಲೇ ಹಿಮ್ಮಡಿಗೆ ಮೊಳೆ ಹೊಕ್ಕಂತಾಗುತ್ತದೆ. ಗೋಡೆ ಹಿಡಿದು, ತುದಿಗಾಲಲ್ಲಿ ಕುಂಟುತ್ತ ಅಡುಗೆಮನೆ ಸೇರಿ ಹಾಲು ಉಕ್ಕುವ ಹೊತ್ತಿಗೆ ನೋವು ಅರ್ಧ ಇಳಿದಿರುತ್ತದೆ. ಇಳಿಯಿತಲ್ಲ ಎಂದು ಮರೆತುಬಿಡುತ್ತೇವೆ. ಹೀಗೆ ಮರೆತವರೇ ಆರು ತಿಂಗಳ ಮೇಲೆ ಬಸ್ಸಿನ ಮೆಟ್ಟಿಲು ಹತ್ತಲಾಗದೆ ವೈದ್ಯರ ಮುಂದೆ ಕೂರುತ್ತಾರೆ.

ಹಿಮ್ಮಡಿ ಮೂಳೆಯಿಂದ ಬೆರಳುಗಳ ಬುಡದವರೆಗೆ ಅಂಗಾಲಿನ ಉದ್ದಕ್ಕೂ ಗಟ್ಟಿಯಾದ ಪಟ್ಟಿಯೊಂದಿದೆ. ಪಾದದ ಕಮಾನನ್ನು ಬಿಗಿದು ಹಿಡಿಯುವುದು ಅದರ ಕೆಲಸ. ದಿನವಿಡೀ ಜಗ್ಗಿ ದಣಿದ ಪಟ್ಟಿ ರಾತ್ರಿ ಬಿಗಿದುಕೊಳ್ಳುತ್ತದೆ, ಬೆಳಗಿನ ಮೊದಲ ಹೆಜ್ಜೆ ಅದನ್ನು ಒಮ್ಮೆಲೇ ಎಳೆಯುತ್ತದೆ. ವೈದ್ಯರು ಪ್ಲಾಂಟರ್ ಫೇಸಿಯೈಟಿಸ್ ಎನ್ನುವ ತೊಂದರೆ ಇದು. 40ರಿಂದ 60ರ ವಯಸ್ಸಿನಲ್ಲಿ ಹೆಚ್ಚು. ಗಾರ್ಮೆಂಟ್ಸ್‌ನಲ್ಲಿ ನಿಂತು ದುಡಿಯುವ ಹೆಣ್ಣುಮಕ್ಕಳು, ಶಿಕ್ಷಕರು, ನರ್ಸ್‌ಗಳು, ಸೆಕ್ಯೂರಿಟಿ ಕೆಲಸದವರು ಇದನ್ನು ಚೆನ್ನಾಗಿ ಬಲ್ಲರು. ಎಕ್ಸ್‌ರೇಯಲ್ಲಿ ಮೂಳೆ ಮುಳ್ಳಿನಂತೆ ಬೆಳೆದದ್ದು ಕಂಡರೆ ಅನೇಕರು ಹೆದರುತ್ತಾರೆ. ನೋವೇ ಇಲ್ಲದ ಎಷ್ಟೋ ಜನರ ಪಾದದಲ್ಲೂ ಆ ಮುಳ್ಳು ಇರುತ್ತದೆ.

ನಮಗೆ ಹೆಚ್ಚು ಆತಂಕವಿರುವುದು ಇನ್ನೊಂದು ಗುಂಪಿನ ಬಗ್ಗೆ. ಶುಗರ್ ಬಂತು, ಬಿಪಿ ಏರಿತು, ವೈದ್ಯರು 'ದಿನಾ ವಾಕಿಂಗ್ ಮಾಡಿ' ಎಂದರು. ಯಾವ ಮೆಟ್ಟು ಹಾಕಿಕೊಂಡು ನಡೆಯಬೇಕೆಂದು ಯಾರೂ ಹೇಳಲಿಲ್ಲ. ಮರುದಿನವೇ ಸವೆದ ಹವಾಯಿ ಚಪ್ಪಲಿಯಲ್ಲೋ ಮಗ ಬಿಟ್ಟ ಹಳೆ ಶೂನಲ್ಲೋ ನಾಲ್ಕು ಕಿಲೋಮೀಟರ್. ತಿಂಗಳೊಳಗೆ ಹಿಮ್ಮಡಿ ಹಿಡಿಯುತ್ತದೆ, ವಾಕಿಂಗ್ ನಿಲ್ಲುತ್ತದೆ, ಶುಗರ್ ಮತ್ತೆ ಏರುತ್ತದೆ. ನಡೆಯಲು ಹೇಳುವ ಪ್ರತಿ ವೈದ್ಯರೂ ರೋಗಿಯ ಕಾಲಲ್ಲಿರುವುದನ್ನು ಒಮ್ಮೆ ನೋಡಬೇಕು.

ಅಳತೆಯಲ್ಲೇ ನಾವು ಎಡವುತ್ತೇವೆ. ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ 2021ರ ಡಿಸೆಂಬರ್‌ನಿಂದ 2022ರ ಮಾರ್ಚ್‌ವರೆಗೆ ದೇಶದ ಒಂದು ಲಕ್ಷಕ್ಕೂ ಹೆಚ್ಚು ಜನರ ಪಾದ ಅಳೆದು ನೋಡಿತು. ಯುರೋಪ್, ಅಮೆರಿಕದವರ ಪಾದಕ್ಕಿಂತ ನಮ್ಮ ಪಾದ ಅಗಲವೆಂದು ಗೊತ್ತಾಯಿತು. ಅಂಗಡಿಯ ನಂಬರುಗಳು ಮಾತ್ರ ಬ್ರಿಟಿಷರ ಕಾಲದವು. ಅಗಲ ಸಾಲದೆಂದು ಒಂದು ನಂಬರ್ ದೊಡ್ಡದು ಕೊಳ್ಳುತ್ತೇವೆ. ಆಗ ಉದ್ದ ಹೆಚ್ಚಾಗಿ ಹಿಮ್ಮಡಿ ಒಳಗೆ ಜಾರಾಡುತ್ತದೆ. ಉದ್ದದ ನಂಬರ್ ಏರಿಸುವ ಬದಲು ಅಗಲ ಪಾದದ ಮಾದರಿ ಇದೆಯೇ ಎಂದು ಕೇಳಿ.

ಅಂಗಡಿಗೆ ಸಂಜೆ ಹೋಗಿ, ಆ ಹೊತ್ತಿಗೆ ಪಾದ ತುಸು ಊದಿರುತ್ತದೆ. ದಿನಾ ಹಾಕುವ ಕಾಲುಚೀಲ ಹಾಕಿಕೊಂಡೇ, ಎರಡೂ ಕಾಲಿಗೆ ತೊಟ್ಟು ಎದ್ದು ನಿಲ್ಲಿ. ಅತಿ ಉದ್ದದ ಬೆರಳಿನ ಮುಂದೆ ಹೆಬ್ಬೆಟ್ಟಿನಗಲ ಜಾಗ ಉಳಿದಿರಬೇಕು. ಆಮೇಲೆ ಶೂ ಬಿಚ್ಚಿ ಕೈಗೆ ತೆಗೆದುಕೊಳ್ಳಿ. ಹಿಮ್ಮಡಿಯ ಹಿಂಭಾಗವನ್ನು ಹೆಬ್ಬೆರಳಿಂದ ಒತ್ತಿದರೆ ಅದು ಕುಸಿಯಬಾರದು. ಮುಂತುದಿ, ಹಿಂತುದಿ ಹಿಡಿದು ಬಗ್ಗಿಸಿದರೆ ಬೆರಳು ಮಡಚುವ ಜಾಗದಲ್ಲಿ ಬಾಗಬೇಕು. ನಟ್ಟನಡುವೆ ಮಡಚಿಕೊಂಡರೆ ಅಥವಾ ಒದ್ದೆ ಬಟ್ಟೆ ಹಿಂಡಿದ ಹಾಗೆ ತಿರುಚಿಕೊಂಡರೆ ಅಲ್ಲೇ ಬಿಟ್ಟುಬನ್ನಿ. ಅಂಗಡಿಯಲ್ಲಿ ಹತ್ತಿಯಂತೆ ಮೆತ್ತಗೆನಿಸಿದ್ದೆಲ್ಲ ಪಾದಕ್ಕೆ ಆಸರೆಯಲ್ಲ. ಕಮಾನಿಗೆ ಇನ್ನೂ ಆಸರೆ ಬೇಕೆನಿಸಿದರೆ ಸಿದ್ಧ ಇನ್‌ಸೋಲ್ ಹಾಕಿ ನೋಡಿ, ಅಳತೆ ಕೊಟ್ಟು ಮಾಡಿಸುವ ದುಬಾರಿಯದು ಹೆಚ್ಚಿನವರಿಗೆ ಬೇಕಾಗುವುದಿಲ್ಲ.

ಇನ್ನು ಮನೆಯೊಳಗಿನ ಮಾತು. ಕಾವಿ, ಸಗಣಿ ಸಾರಿಸಿದ ನೆಲ ಹೋಗಿ ಗ್ರಾನೈಟ್, ಟೈಲ್ಸ್ ಬಂದವು. ಬರಿಗಾಲ ಅಭ್ಯಾಸ ಮಾತ್ರ ಹಾಗೇ ಉಳಿದಿದೆ. ಒಲೆಯ ಮುಂದೆ ಗಂಟೆಗಟ್ಟಲೆ ನಿಲ್ಲುವ ಅಮ್ಮನ ಹಿಮ್ಮಡಿಗೆ ಆ ಗಟ್ಟಿ ನೆಲ ದಿನವೂ ಪೆಟ್ಟು ಕೊಡುತ್ತದೆ. ಹೊರಗೆ ಕಾಲಿಡದ, ಮನೆಯೊಳಗಷ್ಟೇ ಬಳಸುವ ಒಂದು ಜೊತೆ ಮೆತ್ತನೆ ಚಪ್ಪಲಿ ಕೊಡಿಸಿ. ಮಡಿ ಇದ್ದ ಮನೆಗಳಲ್ಲೂ ದೇವರ ಕೋಣೆ ಬಿಟ್ಟು ಉಳಿದೆಡೆ ಇದಕ್ಕೆ ಒಪ್ಪಿಸಬಹುದು.

ಶೂ ಒಂದೇ ಎಲ್ಲವನ್ನೂ ವಾಸಿಮಾಡದು. ಹಾಸಿಗೆ ಬಿಡುವ ಮೊದಲು ಬೆರಳುಗಳನ್ನು ಕೈಯಿಂದ ಮೇಲಕ್ಕೆ ಎಳೆದು ಹಿಡಿಯುವುದು, ಮೀನಖಂಡ ಹಿಗ್ಗಿಸುವುದು ದಿನದ ರೂಢಿಯಾಗಬೇಕು. ತಿಂಗಳುಗಳೇ ಹಿಡಿಯಬಹುದು, ಬಹುಪಾಲು ಜನರಿಗೆ ಶಸ್ತ್ರಚಿಕಿತ್ಸೆಯಿಲ್ಲದೆ ಗುಣವಾಗುತ್ತದೆ. ಆದರೆ ಕಾಲು ಜೋಮು ಹಿಡಿದರೆ, ಹಿಮ್ಮಡಿ ಊದಿ ಕೆಂಪಾದರೆ, ಮಲಗಿದಾಗಲೂ ನೋವು ಬಿಡದಿದ್ದರೆ ತಡಮಾಡದೆ ವೈದ್ಯರಲ್ಲಿಗೆ ಹೋಗಿ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕುಂದಿದವರಿಗೆ ಬಿಗಿ ಶೂ ಕಚ್ಚಿದ್ದೂ ತಿಳಿಯುವುದಿಲ್ಲ. ಅವರು ವೈದ್ಯರನ್ನು ಕೇಳಿಯೇ ಪಾದರಕ್ಷೆ ಕೊಳ್ಳಬೇಕು, ದಿನವೂ ಅಂಗಾಲು ನೋಡಿಕೊಳ್ಳಬೇಕು.

ಇಂದು ಸಂಜೆ ನಿಮ್ಮ ವಾಕಿಂಗ್ ಶೂಗಳನ್ನು ಸಮನೆಲದ ಮೇಲಿಟ್ಟು ಹಿಂದಿನಿಂದ ನೋಡಿ. ಅಟ್ಟೆ ಸವೆದು ಒಂದು ಪಕ್ಕಕ್ಕೆ ವಾಲಿದ್ದರೆ ನಾಳೆ ಬೆಳಗ್ಗೆ ಅವನ್ನು ಹಾಕಿಕೊಂಡು ಹೊರಡಬೇಡಿ.